ಅಳಿಸಿಹೋದ ಎರಡು ದಿನ

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಮುಕುಂದಯ್ಯ ಡಾಕ್ಟರ ರಕ್ತಪರೀಕ್ಷೆಯ ಲ್ಯಾಬ್‌ಗಳಿದ್ದವು. ಊರಿಗೊಂದರಂತೆ ಸರ್ವರ್. ಒಂದರಲ್ಲಿ ಬರೆದದ್ದು ಉಳಿದೆರಡಕ್ಕೂ ತಾನಾಗಿ ಹೋಗುತ್ತಿತ್ತು. ಅವುಗಳ ಉಸ್ತುವಾರಿ ಸಾಗರದಲ್ಲಿದ್ದ ಶ್ರೀಗೌರಿಯದು.

ಒಂದು ಮಂಗಳವಾರ ರಸ್ತೆ ಅಗೆಯುವವರು ಹೊಸನಗರದ ಕೇಬಲ್ ತುಂಡು ಮಾಡಿದರು. ಸಂಪರ್ಕ ತಪ್ಪಿದ ಸರ್ವರ್ ಹೊಸದೇನನ್ನೂ ಬರೆದುಕೊಳ್ಳಬಾರದೆಂಬುದು ನಿಯಮ. ಆದರೆ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸುಚಿತ್ರಾ ಫೋನ್ ಮಾಡಿ, ಜನ ಸಾಲಿನಲ್ಲಿ ನಿಂತಿದ್ದಾರೆ ಎಂದಳು. ಶ್ರೀಗೌರಿ ನಾಲ್ಕು ಸಾಲಿನ ಆದೇಶವನ್ನು ಅಕ್ಷರ ಬಿಡಿಸಿ ಹೇಳಿ ಟೈಪ್ ಮಾಡಿಸಿದಳು. ಸರ್ವರ್ ಒಂಟಿಯಾಗಿಯೇ ಕೆಲಸ ಶುರುಮಾಡಿತು.

ಗುರುವಾರ ಕೇಬಲ್ ಸರಿಹೋಯಿತು. ಹೊಸನಗರದ ಸರ್ವರ್ ಮಾತ್ರ ಉಳಿದೆರಡರ ಜೊತೆ ಕೂಡಿಕೊಳ್ಳಲಿಲ್ಲ. ಅಂದು ಶ್ರೀಗೌರಿಗೆ ಕೈತುಂಬ ಕೆಲಸ. ಸಾಗರದ್ದೂ ತೀರ್ಥಹಳ್ಳಿಯದೂ ತಾಳೆಯಾಗುತ್ತಿದ್ದವು, ಹಾಳಾದದ್ದು ಇದೊಂದೇ ಎಂದುಕೊಂಡಳು. ಅದನ್ನು ಗುಂಪಿನಿಂದ ತೆಗೆದು, ಅದರಲ್ಲಿದ್ದುದನ್ನೆಲ್ಲ ಅಳಿಸಿ, ಸಾಗರದಿಂದ ಪ್ರತಿ ಇಳಿಸಿ ಮತ್ತೆ ಸೇರಿಸಿದಳು. ಮುಕ್ಕಾಲು ಗಂಟೆಯಲ್ಲಿ ಮೂರೂ ಸರಿಯಾದವು. ತಾನೇ ಹೇಳಿ ಬರೆಸಿದ್ದ ಆ ನಾಲ್ಕು ಸಾಲು ನೆನಪಾದದ್ದು ಊಟಕ್ಕೆ ಕೂತಾಗ. ಎರಡು ದಿನದ, ನಲವತ್ತಮೂರು ಜನರ ಫಲಿತಾಂಶ ಆ ಒಂದು ಸರ್ವರ್‌ನಲ್ಲಿ ಮಾತ್ರ ಇತ್ತು.

ಮರುದಿನ ಮುಕುಂದಯ್ಯನವರು ಹೊಸನಗರದ ಎರಡು ದಿನದ ಫಲಿತಾಂಶ ಎಲ್ಲಿ ಎಂದು ವಿಚಾರಿಸಿದರು. “ಎಂಟ್ರಿನೇ ಆಗಿರಲಿಲ್ಲ ಅನ್ನಿಸುತ್ತೆ ಸರ್,” ಅಂದಳು ಶ್ರೀಗೌರಿ. ಯೋಚಿಸಿ ಆಡಿದ ಸುಳ್ಳಲ್ಲ, ಬಾಯಿಗೆ ಬಂದುಬಿಟ್ಟಿತ್ತು. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸುಚಿತ್ರಾಳನ್ನು ಕಂಪ್ಯೂಟರಿನಿಂದ ಎಬ್ಬಿಸಿ ಸೀಸೆ ತೊಳೆಯುವ, ರಕ್ತ ತೆಗೆಯುವಲ್ಲಿ ನೆರವಾಗುವ ಕೆಲಸಕ್ಕೆ ಹಾಕಿದರು. ಆ ನಲವತ್ತಮೂರು ಜನರನ್ನು ಮತ್ತೆ ರಕ್ತ ಕೊಡಲು ಒಬ್ಬೊಬ್ಬರಾಗಿ ಕರೆಸತೊಡಗಿದರು. ಅವಳು ಒಮ್ಮೆ ಫೋನ್ ಮಾಡಿ, ತಾನು ಎಲ್ಲವನ್ನೂ ಹಾಕಿದ್ದು ನಿಜ, ಒಮ್ಮೆ ಹುಡುಕಿ ಎಂದು ಕೇಳಿಕೊಂಡಳು. ನೋಡುತ್ತೇನೆ ಎಂದು ಶ್ರೀಗೌರಿ ಫೋನ್ ಇಟ್ಟಳು. ಆಮೇಲೆ ಹೊಸನಗರದ ನಂಬರ್ ಬಂದರೆ ಎತ್ತಲೇ ಇಲ್ಲ.

ಹತ್ತು ದಿನ ಬಿಟ್ಟು, ಸರ್ವರ್‌ನ ಬ್ಯಾಟರಿ ಬದಲಿಸಲು ಅವಳು ಅಲ್ಲಿಗೆ ಹೋಗಲೇಬೇಕಾಯಿತು. ಒಳಗೆ ಬೆಂಚಿನ ಮೇಲೆ ನಗರ ಎಂಬ ಹಳ್ಳಿಯಿಂದ ಬಂದ ಕೆರಿಯಪ್ಪ ಎಂಬ ಮುದುಕ ತೋಳು ಮಡಿಸಿಕೊಂಡು ಕೂತಿದ್ದ. ಹಿಂದಿನ ಸಲ ಸೂಜಿ ಚುಚ್ಚಿದ ಕಡೆ ಇನ್ನೂ ಹಳದಿಯಾಗಿತ್ತು.

“ಮೊನ್ನೆ ಕೊಟ್ಟಿದ್ನಲ್ಲವ್ವ,” ಅಂದ ಸುಚಿತ್ರಾಳಿಗೆ.

“ನನ್ನಿಂದ ತಪ್ಪಾಗಿದೆ ಅಜ್ಜ. ಇನ್ನೊಂದು ಕೈ ಕೊಡಿ,” ಅಂದಳು ಅವಳು.

ಮಾಡದ ತಪ್ಪನ್ನು ಅವಳು ಎಷ್ಟನೆಯ ಸಲ ಒಪ್ಪಿಕೊಳ್ಳುತ್ತಿದ್ದಳೋ. ಮುದುಕ ಹೊರಟುಹೋದ ಮೇಲೆ ಶ್ರೀಗೌರಿ ಕೈಯಲ್ಲಿದ್ದ ಬ್ಯಾಟರಿಯನ್ನು ಕೆಳಗಿಟ್ಟಳು. ಆಮೇಲೆ ಎದ್ದು ಹೋಗಿ ಹೇಳಿದಳು. “ನೀನು ಹಾಕಿದ್ದೆ ಸುಚಿತ್ರಾ. ಅಳಿಸಿದ್ದು ನಾನು. ಅವತ್ತೇ ಗೊತ್ತಿತ್ತು ನಂಗೆ.”

ಸುಚಿತ್ರಾ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದಳು. “ನಮ್ಮನೇಲೂ ನಂಬ್ಲಿಲ್ಲ ನನ್ನ,” ಅಂದಳು.

ಅವಳ ಎದುರಿಗೇ ಶ್ರೀಗೌರಿ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಸುಚಿತ್ರಾ ಇವತ್ತೇ ತನ್ನ ಜಾಗಕ್ಕೆ ಬರಲಿ, ಇನ್ನೂ ಬಾಕಿಯಿರುವ ಹದಿನೆಂಟು ಜನರನ್ನು ನೀವೇ ಕರೆಸಿ, ನಿಮ್ಮ ವಿಷಯ ಸೋಮವಾರ ನೋಡೋಣ ಎಂದರು ಅವರು.

ಸುಚಿತ್ರಾ ಹೆಸರುಗಳ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಮುಖ ನೋಡಲಿಲ್ಲ.

“ದೂರದವ್ರಿಗೆ ಮೊದ್ಲು ಮಾಡಿ. ಅವ್ರಿಗೆ ಬಸ್ಸು ಕಮ್ಮಿ.”

ಮೊದಲ ಕರೆ ಎತ್ತಿದ ಹೆಂಗಸು ಯಾರು ಎಂದು ಕೇಳಿದಳು. ಶ್ರೀಗೌರಿ ತನ್ನ ಹೆಸರು ಹೇಳಿ, ನಿಮ್ಮ ಫಲಿತಾಂಶ ನನ್ನಿಂದ ಹಾಳಾಯಿತು ಎಂದು ಶುರುಮಾಡಿದಳು.