ಕಟಗೇರಿ ಸರ್ ಅವರ ಕಿಟ್ ಬ್ಯಾಗ್

ನಾನು ಒಂದು ಕಿಟ್ ಬ್ಯಾಗ್. ಹುಟ್ಟಿದ್ದು ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ, ಟಾರ್ಪಾಲು ಹೊಲಿಯುವ ದಾವಲಸಾಬರ ಅಂಗಡಿಯಲ್ಲಿ. ಲಾರಿಯ ಹೊದಿಕೆಗೆ ಕತ್ತರಿಸಿ ಉಳಿದ ಖಾಕಿ ಕ್ಯಾನ್ವಾಸೇ ನನ್ನ ಮೈ. ಹೊಲಿಸಿಕೊಂಡವರು ಸುಧೀಂದ್ರ ಕಟಗೇರಿ. ಆಗ ಅವರಿಗೆ ಇಪ್ಪತ್ತೊಂದು.

"ಸಾಬರ, ಸ್ವಲ್ಪ ದೊಡ್ಡದು ಮಾಡ್ರಿ. ನಾ ಬ್ಯಾಟಿಂಗೂ ಮಾಡ್ತೀನಿ, ಬೌಲಿಂಗೂ ಮಾಡ್ತೀನಿ. ಎರಡು ಜೋಡಿ ಬೂಟು ಹಿಡೀಬೇಕು," ಎಂದಿದ್ದರು.

ಅವರೊಂದಿಗೆ ನಾನು ಊರೂರು ಸುತ್ತಿದೆ. ದಾವಣಗೆರೆಯಲ್ಲಿ ಒಂದೇ ಪಂದ್ಯದಲ್ಲಿ ಐದು ವಿಕೆಟ್, ಎಂಬತ್ತಮೂರು ರನ್. ಮರುವರ್ಷ ರಾಜ್ಯ ತಂಡದ ಕರೆ ಬಂತು. ಜನ ಕಂಡದ್ದು ಇಷ್ಟು. ಡ್ರೆಸ್ಸಿಂಗ್ ರೂಮಿನ ನೆಲದ ಮೇಲಿಂದ ನಾನು ಕಂಡದ್ದು ಬೇರೆ. ಅವರು ಬೆನ್ನುನೋವಿಗೆ ಸೊಂಟಕ್ಕೆ ಬೆಲ್ಟು ಬಿಗಿದು, ನೋವಿನ ಮಾತ್ರೆ ನುಂಗಿ, ಉಳಿದ ಮಾತ್ರೆಗಳನ್ನು ನನ್ನ ಪಕ್ಕದ ಜೇಬಿನಲ್ಲಿ ಕಾಲುಚೀಲದ ಕೆಳಗೆ ಅಡಗಿಸುತ್ತಿದ್ದರು. ಬೌಲಿಂಗ್ ಬಿಟ್ಟರೆ ತಂಡದಲ್ಲಿ ಜಾಗ ಉಳಿಯುವುದಿಲ್ಲ ಎಂಬ ಭಯ. ರಾಜ್ಯದ ಪರ ಹನ್ನೊಂದನೆಯ ಪಂದ್ಯದಲ್ಲಿ ಓವರಿನ ನಡುವೆಯೇ ಪಿಚ್ ಮೇಲೆ ಕುಸಿದು ಕುಳಿತರು. ಮತ್ತೆ ಯಾರೂ ಕರೆಯಲಿಲ್ಲ.

ಮುಂದೆ ಕೇಶ್ವಾಪುರದ ಮೈದಾನದಲ್ಲಿ ಕೋಚ್ ಆದರು. ನನ್ನೊಳಗೆ ಹಳೆಯ ಚೆಂಡುಗಳು ತುಂಬಿಕೊಂಡವು. ಹತ್ತಾರು ವರ್ಷಗಳ ಮೇಲೆ ಕುಂದಗೋಳದಿಂದ ಫಕ್ಕೀರೇಶ ಬಂದ. ಹದಿನೇಳು ವರ್ಷ. ಅವನೂ ಆಲ್‌ರೌಂಡರ್. ಅವನ ಓಟ ನೋಡುತ್ತಾ ಸರ್ ಮಾತು ಮರೆಯುತ್ತಿದ್ದರು.

ವಲಯದ ಫೈನಲ್ ದಿನ ಬೆಳಿಗ್ಗೆ ಅವನು ನನ್ನ ಪಕ್ಕ ಬಂದು ನಿಂತ.

"ಸರ್, ಬೆನ್ನು ಭಾಳ ನೋಯಾಕತ್ತೈತ್ರಿ."

ಸರ್ ಫೀಲ್ಡಿಂಗ್ ಚೀಟಿ ಬರೆಯುತ್ತಿದ್ದರು. ತಲೆ ಎತ್ತಲಿಲ್ಲ. "ನೋವಿಲ್ದ ಬೌಲರ್ ಯಾರದಾನಲೇ? ನಾ ಇಡೀ ಸೀಸನ್ ಹಿಂಗ ಆಡೇನಿ," ಎಂದು ನನ್ನ ಅದೇ ಪಕ್ಕದ ಜೇಬಿಗೆ ಕೈಹಾಕಿ, ತಮಗೆಂದು ಈಗಲೂ ಇಟ್ಟುಕೊಳ್ಳುತ್ತಿದ್ದ ಒಂದು ಮಾತ್ರೆ ಕೊಟ್ಟರು.

ನನಗೆ ಬಾಯಿಲ್ಲ. ಇದ್ದಿದ್ದರೆ ಆ ಹೊತ್ತು ಕೂಗುತ್ತಿದ್ದೆ.

ಫಕ್ಕೀರೇಶ ಹದಿನಾಲ್ಕು ಓವರ್ ಎಸೆದ. ಕಪ್ ನಮ್ಮದಾಯಿತು. ಮರಳುವಾಗ ಬಸ್ಸಿನ ಸೀಟಿನಿಂದ ಏಳಲು ಅವನಿಗೆ ಆಗಲಿಲ್ಲ; ಇಬ್ಬರು ಹಿಡಿದು ಇಳಿಸಿದರು. ಬೆನ್ನುಮೂಳೆ ಬಿರುಕು ಬಿಟ್ಟಿದೆ, ಇನ್ನು ಆಟ ಬೇಡ ಎಂದರು ಡಾಕ್ಟರು. ಸರ್ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಹಾಗೆ ಎರಡು ಸಲ.

ಅವನೆದುರು ನಿಲ್ಲಲು ಆರು ವರ್ಷ ಬೇಕಾಯಿತು ಅವರಿಗೆ. ಕೋಚ್ ಕೆಲಸ ಬಿಟ್ಟ ವಾರ, ತಮ್ಮ ಒಳ್ಳೆಯ ಬ್ಯಾಟನ್ನು ನನ್ನೊಳಗಿಟ್ಟುಕೊಂಡು ಗದಗ ರಸ್ತೆಗೆ ಬಂದರು. ಅಲ್ಲಿ ಫಕ್ಕೀರೇಶ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದ. ಸ್ಟೂಲು ಒರೆಸಿ ಕೂರಿಸಿದ, ಚಹಾ ತರಿಸಿದ.

"ನನ್ನಿಂದ ತಪ್ಪಾತಪ್ಪಾ. ಆವತ್ತು ನಿನ್ನ ಆಡಿಸಬಾರದಾಗಿತ್ತು."

ಫಕ್ಕೀರೇಶ ತಾಮ್ರದ ತಂತಿ ಸುತ್ತುತ್ತಲೇ ಇದ್ದ. "ಆಡಿಸಿದ್ದಕ್ಕ ಸಿಟ್ಟಿಲ್ರಿ ಸರ್. ನೋಯತೈತಿ ಅಂದಾಗ ನೀವು ನನ್ನ ಮಾರಿ ಸೈತ ನೋಡಲಿಲ್ಲ."

ಸರ್ ಚಹಾದ ಲೋಟ ಕೆಳಗಿಟ್ಟರು. ನನ್ನೊಳಗಿಂದ ಬ್ಯಾಟು ತೆಗೆದು ಅವನ ಮುಂದೆ ಹಿಡಿದರು.

"ಬ್ಯಾಟು ನೀವು ಒಯ್ರಿ ಸರ್. ಬ್ಯಾಗು ಇರಲಿ, ಸಾಮಾನು ಇಡಾಕ ಬೇಕು."

ಈಗ ನನ್ನೊಳಗೆ ಸ್ಪ್ಯಾನರು, ಸುತ್ತಿಗೆ, ಬೇರಿಂಗುಗಳಿವೆ. ಕ್ಯಾನ್ವಾಸಿಗೆ ಗ್ರೀಸ್ ಹಿಡಿದಿದೆ. ಕೆಲಸ ಬಂದಾಗ ಫಕ್ಕೀರೇಶ ನನ್ನನ್ನು ಹೆಗಲಿಗೆ ಏರಿಸುವುದಿಲ್ಲ. ಹಿಡಿಕೆ ಹಿಡಿದು, ನೆಲದ ಮೇಲೆ ಎಳೆದುಕೊಂಡು ಹೋಗುತ್ತಾನೆ. ತಳ ಸವೆಯುತ್ತಿದೆ, ಸವೆಯಲಿ.