ಹಿಂದೆಯೂ ಅಷ್ಟೇ

"ಏಳೋ, ಪ್ಯಾಂಟೆಲ್ಲ ಮಣ್ಣಾಯ್ತು. ಹೆಂಡತಿ ಒಳಗೆ ಮಲಗಿದಾಳೆ, ನೀನಿಲ್ಲಿ ಟೈರ್ ಸವರ್ತಾ ಕೂತಿದೀಯಲ್ಲ."

ಅಕ್ಕ ರಟ್ಟೆ ಹಿಡಿದು ಎಳೆದರೂ ಟೈಲರ್ ಏಳಲಿಲ್ಲ. ಅಂಗಳದಲ್ಲಿ ನಿಂತ ಕಾರಿನ ಮುಂದಿನ ಎಡ ಚಕ್ರದ ಪಕ್ಕ ಮಂಡಿಯೂರಿ, ಟೈರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಆಡಿಸುತ್ತಿದ್ದ. ಚಕ್ರ ಸೊಟ್ಟಗಿದ್ದರೆ ರಬ್ಬರು ಒಂದು ಕಡೆ ತರಿತರಿಯಾಗಿ ಕೈಗೆ ತಾಗುತ್ತದೆ ಎಂದು ಹೆಂಡತಿಯೇ ಹೇಳಿಕೊಟ್ಟಿದ್ದಳು. ಕತ್ತಲಲ್ಲೂ ಬಟ್ಟೆ ಮುಟ್ಟಿ ಒಳಮಗ್ಗುಲು ಯಾವುದು, ಹೊರಮಗ್ಗುಲು ಯಾವುದು ಎಂದು ಹೇಳಬಲ್ಲ ಬೆರಳುಗಳಿಗೆ ಇವತ್ತು ಏನೂ ತಿಳಿಯುತ್ತಿರಲಿಲ್ಲ.

"ಸ್ಮಶಾನದ ವ್ಯಾನ್ ಬರೋ ಹೊತ್ತಾಯ್ತು," ಎಂದಳು ಅಕ್ಕ, ಈ ಸಲ ಮೆತ್ತಗೆ. ಅವನು ಎದ್ದ.

ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಎಲ್ಲರೂ ಅವನ ಹೆಂಡತಿಯ ಕೈಕೆಳಗೆ ಕಾರು ಕಲಿತವರು. ಅವಳನ್ನು ಟೀಚರಮ್ಮ ಎಂದು ಕರೆಯುತ್ತಿದ್ದವರು. ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ಗೊತ್ತಿಲ್ಲದೆ ಬಂದವರನ್ನು ಆಕೆ ಬೈದು, ನಗಿಸಿ, ರಸ್ತೆಗೆ ಬಿಟ್ಟಿದ್ದಳು.

"ನಾನು ಫುಟ್‌ಪಾತ್ ಹತ್ತಿಸಿಬಿಟ್ಟಿದ್ದೆ," ಎಂದು ಬ್ಯಾಂಕಿನಾಕೆ ಪಕ್ಕದವಳಿಗೆ ಹೇಳುತ್ತಿದ್ದಳು. "ಅಳೋ ಹಾಗಾಗಿತ್ತು ನಂಗೆ. ಇವರು ಇಳಿದು ಚಕ್ರ ನೋಡಿ, 'ಹೋಗ್ಲಿ ಬಿಡು, ಫುಟ್‌ಪಾತಿಗೂ ಕಾರನ್ನ ಹತ್ತಿರದಿಂದ ನೋಡೋ ಆಸೆ ಇತ್ತೇನೋ' ಅಂದ್ರು."

ಪಕ್ಕದವಳು ನಕ್ಕಳು. ನಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಬಾಗಿಲ ಹತ್ತಿರ ನಿಂತಿದ್ದ ಮೆಕ್ಯಾನಿಕ್‌ನನ್ನು ಟೈಲರ್ ತೋಳು ಹಿಡಿದು ಹೊರಗೆ ಕರೆತಂದ. ನಿನ್ನೆ ಹೆಂಡತಿ ಕಾರು ಓಡಿಸುತ್ತಲೇ ಸತ್ತ ಮೇಲೆ ಊರ ಹೊರಗಿನ ರಸ್ತೆಯಿಂದ ಕಾರನ್ನು ಮನೆಗೆ ತಂದು ನಿಲ್ಲಿಸಿದವನು ಅವನೇ.

"ಎಳೀತಿತ್ತಾ?"

"ಏನು ಸಾರ್?"

"ಕಾರು. ಎಡಕ್ಕೆ ಎಳೀತಿತ್ತಾ ಅಂತ ಕೇಳಿದೆ."

"ಹೃದಯ ನಿಂತೇ ಹೋಗಿದ್ದು ಅಂತ ಡಾಕ್ಟ್ರೇ ಹೇಳಿದ್ರಲ್ಲ ಸಾರ್. ಕಾರು ತನ್ನ ಪಾಡಿಗೆ ಹುಲ್ಲಿಗೆ ಇಳಿದು ನಿಂತ್ಕೊಂಡಿದೆ. ಒಂದು ಗೀರು ಬಿಟ್ರೆ ಏನಿಲ್ಲ."

"ನಾನು ಅದನ್ನ ಕೇಳ್ಲಿಲ್ಲ."

ಮೆಕ್ಯಾನಿಕ್ ಅವನ ಮುಖ ನೋಡಿ ಕಣ್ಣು ತಗ್ಗಿಸಿದ. "ಗಲ್ಲಿಗಲ್ಲಿ ತಿರುಗಿಸ್ಕೊಂಡು ತಂದಿದ್ದು. ಅದರಲ್ಲಿ ಏನು ಗೊತ್ತಾಗತ್ತೆ? ಈಗ ಅದನ್ನೆಲ್ಲ ತಲೆಗೆ ಹಚ್ಕೋಬೇಡಿ."

ಸಾವಿನ ಮನೆಯಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ ಎಂದುಕೊಂಡ ಟೈಲರ್. ಡಾಕ್ಟರೂ ಹಾಗೇ ಹೇಳಿರಬೇಕು. ಕಾರು ಎಡಕ್ಕೆ ಎಳೆದಿದೆ, ಅವಳು ಬಲಕ್ಕೆ ಜಗ್ಗಿದ್ದಾಳೆ, ಆ ಗಾಬರಿಗೆ ಎದೆ ಒಡೆದಿದೆ. ಎಳೆದದ್ದು ತನ್ನಿಂದ. ಕೊಂದವನು ತಾನು.

*

ಹೆಂಡತಿ ಮೊದಲ ಸಲ ಅಳತೆಯ ಟೇಪು ಕೇಳಿದಾಗ ಅವನು ಕೊಡಲಿಲ್ಲ.

"ಗ್ರೀಸ್ ಮೆತ್ತಿದ ಟೇಪಲ್ಲಿ ನಾನು ಗಿರಾಕಿ ಎದೆ ಅಳೀಲಾ?"

"ಅದನ್ನ ಕಾರಿಗೇ ಇಟ್ಬಿಡಿ. ಆಮೇಲೆ ಅದಕ್ಕೂ ಒಂದು ಜೊತೆ ಬಟ್ಟೆ ಹೊಲಿದು ಕೊಡಿ," ಎಂದಿದ್ದಳು.

ಕಲಿಯುವವರು ಹಳ್ಳಕ್ಕೆ ಇಳಿಸಿ, ಕಲ್ಲಿಗೆ ಹತ್ತಿಸಿ ಚಕ್ರದ ಜೋಡಣೆ ಆಗಾಗ ತಪ್ಪುತ್ತಿತ್ತು. ಪ್ರತಿ ಸಲ ವರ್ಕ್‌ಶಾಪಿನಲ್ಲಿ ಕಾಯುತ್ತ ಕೂತರೆ ಆ ದಿನದ ಪಾಠ ಕೆಟ್ಟಿತು. ಹಾಗಾಗಿ ಮನೆಯಂಗಳದಲ್ಲೇ ಶುರುಮಾಡಿದಳು. ಕಾರಿನ ಎರಡೂ ಪಕ್ಕಕ್ಕೆ, ಮುಂದಿನಿಂದ ಹಿಂದಿನವರೆಗೆ, ಅವನ ಅಂಗಡಿಯ ಗಟ್ಟಿ ದಾರ ನೇರವಾಗಿ ಬಿಗಿಯುವಳು. ದಾರಕ್ಕೂ ಮುಂದಿನ ಚಕ್ರದ ಅಂಚಿಗೂ ಎಷ್ಟು ಅಂತರ? ಚಕ್ರದ ಮುಂಭಾಗದಲ್ಲಿ ಇದ್ದಷ್ಟೇ ಹಿಂಭಾಗದಲ್ಲೂ ಇದ್ದರೆ ಚಕ್ರ ನೇರ. ಇಲ್ಲದಿದ್ದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ; ಆಗ ಅವಳು ಕಾರಿನಡಿ ನುಸುಳಿ ಸ್ಪ್ಯಾನರಿನಿಂದ ಚಕ್ರದ ಓರೆ ಸರಿಪಡಿಸುವ ರಾಡನ್ನು ಒಂದಿಷ್ಟು ತಿರುಗಿಸುವಳು. ಅಳೆದು ಹೇಳುವ ಕೆಲಸ ಟೈಲರಿನದು. ಅಳೆಯುವುದರಲ್ಲಿ ಅವನನ್ನು ಮೀರಿಸಿದವರು ಯಾರು?

ಆ ಮಾತು ಹಳೆಯದಾಗಿತ್ತು. ಅವನ ಕಣ್ಣಿಗೆ ಮಂಜು ಕವಿಯತೊಡಗಿ ಬಹಳ ಕಾಲವಾಗಿತ್ತು. ಟೈಲರಿಗೆ ಕಣ್ಣು ಕಾಣುವುದಿಲ್ಲವೆಂದರೆ ಬಟ್ಟೆ ಕೊಡುವವರು ಯಾರು ಎಂದು ಮೊದಲು ಗಿರಾಕಿಗಳಿಂದ ಮುಚ್ಚಿಟ್ಟ. ಮುಚ್ಚಿಡುವುದು ಅಭ್ಯಾಸವಾಗಿ, ಹೆಂಡತಿಯಿಂದಲೂ ಮುಚ್ಚಿಟ್ಟ.

ಹೋದ ಭಾನುವಾರವೂ ಅವಳು ಕಾರಿನಡಿಯಿಂದ ಕೂಗಿದಳು. "ರೀ, ಮುಂದೆ ಎಷ್ಟು?"

ಅವನು ಟೇಪನ್ನು ಮೂಗಿನವರೆಗೆ ಬಗ್ಗಿ ನೋಡಿದ. ದಪ್ಪ ಅಂಕಿ ಕಂಡಿತು, ಅದರಾಚೆಯ ಸಣ್ಣ ಗೆರೆಗಳು ಕಾಣಲಿಲ್ಲ. ಅಂದಾಜಿಗೆ ಒಂದು ಹೇಳಿದ.

"ಹಿಂದೆ?"

ಈ ಸಲ ಬಗ್ಗಿಯೂ ನೋಡಲಿಲ್ಲ. "ಹಿಂದೆಯೂ ಅಷ್ಟೇ."

"ಸರಿಯಾಗಿ ನೋಡಿದ್ರಾ?"

"ನನಗೆ ಅಳತೆ ಹೇಳ್ಕೊಡ್ತೀಯಾ ನೀನು?"

ಕಾರಿನಡಿಯಿಂದ ನಗು ಕೇಳಿಸಿತು. "ಇಲ್ಲಪ್ಪ, ನಂಗೆಲ್ಲಿ ಆ ಧೈರ್ಯ. ಹೋಗಿ ಕೈ ತೊಳ್ಕೊಳ್ಳಿ. ಆಯ್ತು." ಅವನು ಒಳಗೆ ಹೋಗಿ, ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ಕೈ ತೊಳೆದಿದ್ದ.

*

ಹೋಗುವಾಗ ಅವನು ವ್ಯಾನಿನಲ್ಲಿ ಅವಳ ತಲೆಯ ಬಳಿ ಕೂತ. ಕಾರು ಹತ್ತೆನೆಂದು ಹಟ ಹಿಡಿದಿದ್ದಕ್ಕೆ ಯಾರೂ ಎದುರಾಡಲಿಲ್ಲ. ಸ್ಮಶಾನದಲ್ಲಿ ಎಲ್ಲ ಬೇಗ ಮುಗಿಯಿತು. ಹೂವು ಹಾಕು ಎಂದರು, ಹಾಕಿದ. ಹಿಂದೆ ಸರಿ ಎಂದರು, ಸರಿದ. ಇಷ್ಟು ವರ್ಷ ಜೊತೆಗಿದ್ದವಳನ್ನು ಬಿಟ್ಟುಬರಲು ಅಷ್ಟು ಹೊತ್ತು ಸಾಕಾಯಿತಲ್ಲ ಎಂದುಕೊಂಡ.

ವ್ಯಾನು ಹೊರಟುಹೋಗಿತ್ತು. ಹಿಂದೆ ಅಮ್ಮನ ಕಾರು ಓಡಿಸಿಕೊಂಡು ಬಂದಿದ್ದ ಮಗಳು ಅದರ ಬಾಗಿಲು ತೆರೆದು ಹಿಡಿದಳು.

"ಕೂತ್ಕೊ ಅಪ್ಪ. ನಾವಿಬ್ಬರೇ."

ಅವನು ಕೂತ. ಹೆಂಡತಿಯ ಸೀಟಿನಲ್ಲಿ ಅವಳದೇ ಬೆನ್ನಿನ ದಿಂಬಿತ್ತು, ಮಗಳು ಅದಕ್ಕೆ ಒರಗದೆ ಮುಂದಕ್ಕೆ ಸರಿದು ಕೂತಿದ್ದಳು. ಗೋದಾಮುಗಳ ಸಾಲು ದಾಟಿ ಕಾರು ಉದ್ದನೆಯ ನೇರ ರಸ್ತೆಗೆ ಬಂತು. ಅಲ್ಲಿ ಅವನಿಗೆ ತಡೆಯಲಾಗಲಿಲ್ಲ.

"ನಾನೇ ಕಣೇ."

"ಏನಪ್ಪ?"

"ನಂಗೆ ಟೇಪಿನ ಗೆರೆ ಕಾಣಲ್ಲ. ಕಾಣದೆ ಎಷ್ಟೋ ವರ್ಷ ಆಯ್ತು. ಸುಮ್ನೆ ಬಾಯಿಗೆ ಬಂದಿದ್ದು ಹೇಳ್ದೆ ಅವಳಿಗೆ. ಮುಂದೆ ಇಷ್ಟು, ಹಿಂದೆಯೂ ಅಷ್ಟೇ ಅಂದೆ. ಅವಳು ನಂಬಿ ಹೊರಟಳು. ಕಾರು ಎಡಕ್ಕೆ ಎಳೆದಿದೆ. ಎಲ್ಲರೂ ಹೃದಯ ಹೃದಯ ಅಂತಿದಾರೆ. ನಿಂಗಾದರೂ ನಿಜ ಗೊತ್ತಿರ್ಲಿ."

ಮಗಳು ಕನ್ನಡಿಯಲ್ಲಿ ಹಿಂದೆ ನೋಡಿದಳು, ಮುಂದೆ ನೋಡಿದಳು, ರಸ್ತೆ ಖಾಲಿಯಿತ್ತು. ವೇಗ ಇಳಿಸಿ, ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಏ, ಏನು ಮಾಡ್ತಿದೀಯ?"

"ನೋಡು."

ಅವನು ಎಡಗಡೆಯ ಹುಲ್ಲನ್ನೇ ನೋಡಿದ. ಹುಲ್ಲು ಹತ್ತಿರ ಬರಲಿಲ್ಲ. ಒಂದು ಗೋದಾಮಿನ ಗೋಡೆ ಸರಿದುಹೋಯಿತು, ಇನ್ನೊಂದು ಸರಿದುಹೋಯಿತು. ಹುಲ್ಲು ಇದ್ದಲ್ಲೇ ಇತ್ತು.

"ಎಳೀತಾ ಇಲ್ಲ," ಎಂದ, ನಂಬದವನಂತೆ.

"ಇಲ್ಲ."

"ನಾನು ಹೇಳಿದ್ದು ತಪ್ಪಿತ್ತು. ಅದ್ಹೇಗೆ ನೇರ ಹೋಗತ್ತೆ?"

"ನೀನು ಕೈ ತೊಳೆಯೋಕೆ ಒಳಗೆ ಹೋಗ್ತಿದ್ದೆಯಲ್ಲ ಅಪ್ಪ. ಆಮೇಲೆ ಅಮ್ಮ ಮತ್ತೆ ಅಳೀತಿದ್ಳು. ಎರಡೂ ಕಡೆ. ಯಾವಾಗ್ಲೂ."

ಟೈಲರಿನ ಎದೆಯ ಮೇಲಿನ ಕಲ್ಲು ಇಳಿದಿತ್ತು, ಇಳಿದ ಜಾಗದಲ್ಲಿ ಅವಳಿಲ್ಲ ಎಂಬುದು ಮೊದಲ ಸಲ ಬಂದು ಕೂತಿತು.

"ಗೊತ್ತಿದ್ದೂ ನನ್ನನ್ನ ಯಾಕೆ ಕರೀತಿದ್ಳು ಮತ್ತೆ?"

"ಕೇಳಿದ್ದೆ ಒಂದು ಸಲ." ಮಗಳ ಕಣ್ಣು ರಸ್ತೆಯ ಮೇಲೇ ಇತ್ತು. "ಒಬ್ಬಳೇ ಕಾರಿನಡಿ ಮಲಗಿರೋಕೆ ಬೇಜಾರು ಕಣೇ, ನಿಮ್ಮಪ್ಪ ಪಕ್ಕ ಕೂತು ಏನಾದ್ರೂ ಒಂದು ಹೇಳ್ತಿದ್ರೆ ಹೊತ್ತು ಹೋಗತ್ತೆ ಅಂದ್ಳು."

ಅವನು ಬಗ್ಗಿ ಮುಖವನ್ನು ಮಂಡಿಗೆ ಒತ್ತಿಕೊಂಡ. ಬೆಳಗಿನಿಂದ ಬಾರದ ಅಳು ಬಂತು, ಸದ್ದು ಮಾಡುತ್ತ ಬಂತು.

"ಹಿಡ್ಕೊಳೇ," ಎಂದ ತಲೆಯೆತ್ತದೆ. "ಸ್ಟೀರಿಂಗ್ ಹಿಡ್ಕೊ. ಅವಳು ನೋಡಿದ್ರೆ ಬೈತಾಳೆ."

ಮಗಳು ಹಿಡಿಯಲಿಲ್ಲ. ಮಡಿಲಲ್ಲಿದ್ದ ಎರಡು ಕೈಗಳಲ್ಲಿ ಒಂದನ್ನು ಎತ್ತಿ ಅಪ್ಪನ ಬೆನ್ನ ಮೇಲೆ ಇಟ್ಟಳು. ಯಾರೂ ಹಿಡಿಯದ ಸ್ಟೀರಿಂಗು ಅಲುಗದೆ ನಿಂತಿತ್ತು, ಖಾಲಿ ರಸ್ತೆಯಲ್ಲಿ ಕಾರು ತನ್ನ ಪಾಡಿಗೆ ನೇರ ಹೋಗುತ್ತಿತ್ತು.