ಕಿತ್ತಳೆ ಜಾಕೆಟ್ಟಿನವನ ಹಿಂದೆ

ರಾಯಲ್ಪಾಡಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಕೋದಂಡರಾಮಪ್ಪನನ್ನು ಟೊಮೇಟೊ ಬೀಜದ ಕಂಪನಿಯವರು, ಹೆಚ್ಚು ಬೀಜ ಮಾರಿದ್ದಕ್ಕೆ ಬಹುಮಾನವಾಗಿ, ಹೆಂಡತಿ ಗಂಗಾಲಕ್ಷ್ಮಿ ಸಮೇತ ಬ್ಯಾಂಕಾಕಿಗೆ ಕರೆದುಕೊಂಡು ಹೋದರು. ಬುದ್ಧನ ಗುಡಿ ನೋಡಲು ಹೊರಟ ದಿನ ರಸ್ತೆಯ ತುಂಬ ಕಾರುಗಳು ಕದಲದೆ ನಿಂತಿದ್ದವು.

"ಬೈಕ್ ಟ್ಯಾಕ್ಸಿ ಹಿಡಿಯೋಣ ಅಣ್ಣ, ಸಂದೀಲೇ ನುಗ್ಸ್ಕೊಂಡು ಹೋಗ್ತಾರೆ" ಎಂದ ಕಂಪನಿಯ ಅಮರನಾಥ್.

ಒಂದು ಬೈಕಿಗೆ ಒಬ್ಬರೇ. ಬೈಕ್ ಟ್ಯಾಕ್ಸಿಯವರ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಯುವಕನೊಬ್ಬ ಗಂಗಾಲಕ್ಷ್ಮಿಗೆ ಹೆಲ್ಮೆಟ್ ಹಾಕಿ, ಪಟ್ಟಿಯನ್ನೂ ತಾನೇ ಬಿಗಿದ. ಕೋದಂಡರಾಮಪ್ಪನ ಹೊಟ್ಟೆಯಲ್ಲಿ ಉರಿ ಶುರುವಾದದ್ದು ಆಗಲೇ.

ಅವನು ಹತ್ತಿದ ಬೈಕು ಹಿಂದೆ ಬಿತ್ತು. ಮುಂದೆ ಬಸ್ಸುಗಳ ನಡುವೆ ಹೆಂಡತಿ ಒಮ್ಮೆ ಕಾಣುತ್ತಿದ್ದಳು, ಒಮ್ಮೆ ಮರೆಯಾಗುತ್ತಿದ್ದಳು. ಆ ಯುವಕನ ಹೆಗಲು ಹಿಡಿದು ಗಟ್ಟಿಯಾಗಿ ನಗುತ್ತಿದ್ದಳು! ಊರಿನಿಂದ ಶ್ರೀನಿವಾಸಪುರಕ್ಕೆ ಗಂಡನ ಬೈಕಿನ ಹಿಂದೆ ಕೂತು ಹೋಗುವಾಗ ಸೀಟಿನ ಕಂಬಿ ಹಿಡಿಯುವವಳೇ ಹೊರತು ಒಂದು ದಿನವೂ ಅವನ ಹೆಗಲು ಮುಟ್ಟಿದವಳಲ್ಲ.

ಗುಡಿಯಲ್ಲಿ ಅವನ ಕಣ್ಣಿಗೆ ಏನೂ ಬೀಳಲಿಲ್ಲ. ವಾಪಸು ಬರುವಾಗ ಹಟ ಹಿಡಿದು ಅವಳನ್ನು ಮೂರು ಗಾಲಿಯ ಟುಕ್‌ಟುಕ್‌ನಲ್ಲಿ ಪಕ್ಕಕ್ಕೇ ಕೂರಿಸಿಕೊಂಡ. ಅದು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತು.

"ಏನೇ ಅಷ್ಟೊಂದು ನಗ್ತಿದ್ದೆ, ಅವನ ಜೊತೆ? ಅವನ ಭಾಷೆ ನಿಂಗೆ ಬರುತ್ತಾ?"

"ಭಾಷೆ ಯಾಕೆ? ನಿಧಾನವಾಗಿ ಹೋಗ್ಲಾ, ಜೋರಾಗಿ ಹೋಗ್ಲಾ ಅಂತ ಕೈಯಲ್ಲೇ ಕೇಳ್ದ. ಜೋರಾಗಿ ಅಂದೆ. ನೀವು ಯಾವತ್ತಾದ್ರೂ ಕೇಳಿದ್ದೀರಾ?"

"ನಮ್ಮ ರೋಡಲ್ಲಿ ಬರೀ ಗುಂಡಿ ಕಣೇ."

"ಕೇಳೋಕೆ ಗುಂಡಿ ಅಡ್ಡ ಬರುತ್ತಾ?"

ಅವಳು ಮುಖ ತಿರುಗಿಸಿ, ಪಕ್ಕದಲ್ಲಿ ನುಸುಳಿಕೊಂಡು ಹೋಗುವ ಬೈಕುಗಳನ್ನೇ ನೋಡುತ್ತ ಕೂತಳು. ಕೋದಂಡರಾಮಪ್ಪ ಬಾಡಿಗೆ ಕೊಟ್ಟು ಟುಕ್‌ಟುಕ್ಕಿನಿಂದ ಇಳಿದು, ಮೂಲೆಯಲ್ಲಿ ನಿಂತಿದ್ದ ಕಿತ್ತಳೆ ಜಾಕೆಟ್ಟಿನವರಿಗೆ ಕೈ ಬೀಸಿದ.

"ಇಳಿ. ಬೈಕಲ್ಲೇ ಹೋಗೋಣ."

"ನಿಜವಾಗ್ಲೂ?"

"ಹೋಗೋಣ ಅಂದ್ನಲ್ಲ, ಹತ್ತು!"

ಹೋಟೆಲಿನ ಚೀಟಿ ತೋರಿಸಿದ್ದೇ ತಡ, ಅವಳ ಬೈಕು ಚಂಗನೆ ಹಾರಿತು. ಕೋದಂಡರಾಮಪ್ಪ ತನ್ನ ಚಾಲಕನ ಬೆನ್ನು ತಟ್ಟಿ, "ಬಿಡಬೇಡ, ಅವರನ್ನ ಹಿಡಿ!" ಎಂದು ಕನ್ನಡದಲ್ಲೇ ಕೂಗಿದ. ಅವನಿಗೆ ಏನರ್ಥವಾಯಿತೋ, ಬೈಕು ಓಡಿಸಿದ.

ಹೋಟೆಲಿನ ಬಾಗಿಲಲ್ಲಿ ಗಂಗಾಲಕ್ಷ್ಮಿ ಕೆದರಿದ ಕೂದಲಿನಲ್ಲಿ ಕಾಯುತ್ತಿದ್ದಳು. "ಅಬ್ಬಾ, ಬಂದ್ರಾ!" ಎಂದು ಮನಸಾರೆ ನಕ್ಕಳು. ಆ ನಗು ತನಗೇ ಎಂದು ಅವನಿಗೆ ಗೊತ್ತಿತ್ತು. ಆದರೂ ಅವಳನ್ನು ಕರೆತಂದವನು ಹೊರಟುಹೋದನೋ ಇಲ್ಲವೋ ಎಂದು ಒಮ್ಮೆ ಹಿಂತಿರುಗಿ ನೋಡಿದ.